ಅಜ್ಜಿಯ ಕಡಗೋಲು, ಅತ್ತೆಯ ಟೇಪು

ಅತ್ತೆಯ ನಾಲ್ಕು ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಲು ಹಿಂದೂಪುರದ ಅಂಗಡಿಗೆ ಹೋಗಿದ್ದೆ. ಅಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಮನಸ್ಸಿನಲ್ಲೇ ಕಲ್ಯಾಣದುರ್ಗದ ನಮ್ಮ ಪಡಸಾಲೆಗೆ ಮರಳಿಬಿಟ್ಟೆ.

ಊರಿನವರು ಸಂಗೀತದ ಕೀಬೋರ್ಡ್ ಕಾಣುವ ಮೊದಲೇ ಅತ್ತೆ, ಅಂದರೆ ಅಪ್ಪನ ತಂಗಿ, ಹಳೆಯ ರೇಡಿಯೊಗಳ ಬಿಡಿಭಾಗ ಬೆಸೆದು ರಾಗ ಹೊರಡಿಸುವ ಪೆಟ್ಟಿಗೆ ಕಟ್ಟಿದ್ದಳು. ಕುರಿಗಂಟೆಯ ಸದ್ದು ಹಿಡಿದ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆಯಂತೆ ಮಾಡಿ, ಒಂದು ಬದಿ ಟೇಪ್ ರೆಕಾರ್ಡರಿಗೆ ಸಿಕ್ಕಿಸಿ, ಇನ್ನೊಂದು ಬದಿ ಅಜ್ಜಿಯ ಕಡಗೋಲಿಗೆ ಸುತ್ತಿ ಬಿಡುತ್ತಿದ್ದಳು. ಹಗ್ಗ ಉಜ್ಜಿ ನುಣುಪಾದ ಆ ಕೋಲಿನ ಸುತ್ತ ಟೇಪು ತಿರುಗಿದಷ್ಟು ಹೊತ್ತೂ ಅದೇ ಗಂಟೆ ಮತ್ತೆ ಮತ್ತೆ ಕೇಳುತ್ತಿತ್ತು.

“ಮೊಸ್ರು ಹುಳಿ ಬಂದ್ಬುಡ್ತು, ನನ್ ಕಡಗೋಲು ಕೊಡೇ! ಮಾತೇ ಇಲ್ದಿರೋ ಹಾಡು ಯಾರ್ ಕೇಳ್ತಾರೆ?” ಎಂದು ಅಜ್ಜಿ ಒಂದು ದಿನ ಅದನ್ನು ಕಿತ್ತುಕೊಂಡಳು.

“ಯಾರೂ ಕೇಳ್ದಿದ್ರೆ ನಾನೇ ಕೇಳ್ತೀನಿ. ನೀನು ಮಜ್ಜಿಗೆ ಕಡ್ಕೊಳಮ್ಮ, ನಾನಂತೂ ನಿಲ್ಸಲ್ಲ,” ಎಂದ ಅತ್ತೆ ಮೈಕನ್ನು ಗಡಿಗೆಯ ಪಕ್ಕಕ್ಕಿಟ್ಟಳು.

ಆ ಸದ್ದುಗಳನ್ನು ತುಂಬಿ ಮಾರಲು ಇಟ್ಟ ಯಾವ ಕ್ಯಾಸೆಟ್ಟೂ ಮಾರಾಟವಾಗಲಿಲ್ಲ. ಅದಕ್ಕೆ ನನಗೆ ಈಗಲೂ ಸಿಟ್ಟು. ಅತ್ತೆ ಮಾತ್ರ ಮುಂದಿನದಕ್ಕೆ ಟೇಪು ಕತ್ತರಿಸುತ್ತಲೇ ಇದ್ದಳು.

ಇವತ್ತು ಅಂಗಡಿಯವನು ಹೆಡ್‌ಫೋನ್ ತೆಗೆದು, “ಅಕ್ಕಾ, ಮೂರನೇದ್ರಾಗೆ ಹಿಂದೆ ಏನೋ ಗುಡುಗುಡು ಅಂತೈತೆ. ತೆಗ್ದು ನೀಟ್ ಮಾಡ್ಬುಡ್ಲಾ?” ಎಂದ.

“ಮುಟ್ಬೇಡ ಕಣಪ್ಪ,” ಎಂದೆ. “ನಮ್ಮಜ್ಜಿ ಮಜ್ಜಿಗೆ ಕಡೀತಾವ್ಳೆ.”