ಬಂಡೆಯ ಮೇಲಿನ ಬಿಳಿ ಗೆರೆ

ಅಣೆಕಟ್ಟಿನ ಕಚೇರಿಗೆ ಗುಮಾಸ್ತನಾಗಿ ಸೇರಿದ ದಿನ, ಗೋಡೆಯ ಫಲಕದಲ್ಲಿ 'ನೀರಿನ ಮಟ್ಟ 612 ಮೀಟರ್' ಎಂದಿತ್ತು. ಅಷ್ಟೂ ಆಳವೆಂದೇ ನಂಬಿದ ನಾನು ಒಂದು ವಾರ ಲೈಫ್ ಜಾಕೆಟ್ ತೊಟ್ಟೇ ಮೇಜಿನ ಮುಂದೆ ಕೂತಿದ್ದೆ. ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರವೆಂದು ಹೇಳಿಕೊಟ್ಟವನು ಕಚೇರಿಯ ದೋಣಿ ನಡೆಸುವ ನನ್ನ ಸೋದರಮಾವ.

"ಬಿಚ್ಬೇಡ ಅಳಿಯ, ಇಲ್ಲಿ ಫೈಲಲ್ಲಿ ಮುಳುಗಿದವರೇ ಜಾಸ್ತಿ."

ನೀರು ನಿಲ್ಲುವ ಮೊದಲು ಮಾವ ಸರ್ವೆಯವರ ಹಿಂದೆ ಅಳತೆಯ ಸರಪಳಿ ಹೊತ್ತು ಆ ಕಣಿವೆಯ ಕಾಡನ್ನೆಲ್ಲ ಸುತ್ತಿದವನು. ಅಲ್ಲೊಂದು ಜಲಪಾತವಿತ್ತಂತೆ, ಅದರ ಮಡುವಿನಲ್ಲಿ ನೀರುನಾಯಿಗಳು ಇವನ ಬುತ್ತಿಗೇ ಹೊಂಚು ಹಾಕುತ್ತಿದ್ದವಂತೆ. ಮಟ್ಟ 580ಕ್ಕಿಂತ ಇಳಿದರೆ ಜಲಪಾತದ ನೆತ್ತಿ ಕಾಣುತ್ತದೆ. ಮೂವತ್ತು ವರ್ಷ ಇಳಿದಿರಲಿಲ್ಲ. ಈ ಸಲ ಗೇಟಿನ ದುರಸ್ತಿಗೆಂದು ಇಳಿಸಿದರು. ಮಾವನಿಗೋ ತಿಂಗಳ ಕೊನೆಗೆ ನಿವೃತ್ತಿ. ಆಮೇಲೆ ದೋಣಿಯ ಕೀಲಿ ಬೇರೆಯವರ ಕೈಗೆ. ಅಷ್ಟರೊಳಗೆ ಒಮ್ಮೆ ಆ ಜಲಪಾತ ನೋಡಲೇಬೇಕೆಂದು ಹಟ ಹಿಡಿದ.

ಅನುಮತಿಗೆ ಅರ್ಜಿ ಬರೆದ ಘನಪಂಡಿತ ನಾನು. 'ಹೋಗುವ ಸ್ಥಳ: ಜಲಪಾತ' ಎಂದೆ. ನಕ್ಷೆಯಲ್ಲಿ ಅಂಥ ಸ್ಥಳವಿಲ್ಲವೆಂದು ವಾಪಸು ಬಂತು. ನಕ್ಷೆಯಲ್ಲಿ ಬರೀ ನೀಲಿ. 'ಜಲಾಶಯದ ನಡುಭಾಗ' ಎಂದು ತಿದ್ದಿದೆ. ಅಲ್ಲೀಗ ನೀರಿಲ್ಲ, ದೋಣಿಯೇಕೆ ಎಂದು ಮತ್ತೆ ವಾಪಸು.

"ನೀರಿದ್ರೆ ಜಾಗ ಇಲ್ಲ, ಜಾಗ ಇದ್ರೆ ನೀರಿಲ್ಲ!" ಮಾವ ಹಲ್ಲು ಕಡಿದ. "ಓದಿದೋನು ನೀನು, ಏನಾದ್ರೂ ಬರಿಯೋ!"

ಮೂರನೆಯದರಲ್ಲಿ 'ಅಳತೆ ಗುರುತುಗಳನ್ನು ತೊಳೆಯಲು' ಎಂದು ಬರೆದೆ. ತಕ್ಷಣ ಸಹಿ ಬಿತ್ತು. ಜೊತೆಗೊಂದು ಬ್ರಷ್ಷನ್ನೂ ಕೊಟ್ಟರು. ಅಷ್ಟರಲ್ಲಿ ಮೂರು ವಾರ ಕಳೆದು, ದುರಸ್ತಿ ಮುಗಿದು, ನೀರು ಏರತೊಡಗಿತ್ತು.

ದೋಣಿಯಿಂದಿಳಿದು ಮೊಣಕಾಲುದ್ದ ಕೆಸರಿನಲ್ಲಿ ನಡೆದೆವು. ಜಲಪಾತವಿರಲಿ, ಬೀಳುವುದಕ್ಕೆ ಪ್ರಪಾತವೇ ಇರಲಿಲ್ಲ. ಹೂಳು ಅಂಚಿನವರೆಗೆ ತುಂಬಿತ್ತು. ಒಂದು ಕರಿಬಂಡೆಯ ತಲೆ ಮಾತ್ರ ಹೊರಗಿತ್ತು. ಮಾವ ಅದೇ ಬ್ರಷ್ಷಿನಿಂದ ಅದನ್ನು ಉಜ್ಜುತ್ತ ಹೋದ. ಕೆಸರಿನಡಿಯಿಂದ ಬಿಳಿ ಬಣ್ಣದ ಗೆರೆಯೊಂದು ಎದ್ದಿತು, ಪಕ್ಕದಲ್ಲಿ 580. ಆ ಎಂಟು, ಒಂದರ ಮೇಲೊಂದು ಕೂರಿಸಿದ ಎರಡು ಸೊನ್ನೆ. ದೋಣಿಯ ಲಾಗ್‌ಬುಕ್ಕಿನಲ್ಲಿ ಮಾವನ ಕೈಬರಹದಲ್ಲಿ ದಿನಾ ನೋಡುವ ಎಂಟು.

"ಇದರ ಕೆಳಗೆ ಮೊದಲು ಮುಳುಗೋದು, ಅಲ್ಲಿನ ಮರ ಮೊದಲು ಕಡೀರಿ ಅಂತ ಗುರುತು," ಎಂದ, ನನ್ನತ್ತ ನೋಡದೆ.

ಸುಮ್ಮನಿರಬಹುದಿತ್ತು. ನನ್ನ ನಾಲಿಗೆಗೆ ಅಷ್ಟು ಬುದ್ಧಿಯಿಲ್ಲ.

"ಮಾವ, ಇಷ್ಟು ಪ್ರಾಣ ಇಟ್ಕೊಂಡಿದ್ದ ಜಾಗಕ್ಕೆ ಈ ಗೆರೆ ನೀನೇ ಹೇಗೆ ಎಳೆದೆ?"

"ಕೆಲಸ ಕಾಯಂ ಮಾಡ್ತೀವಿ ಅಂದ್ರು, ಎಳೆದೆ. ನೀನೂ ಎಳೀತಿದ್ದೆ, ಆ ಜಾಕೆಟ್ ಹಾಕ್ಕೊಂಡೇ."