ಏಟು ಬೀಳದ ಭುಜ

ನೋವು ಎಡಭುಜದ ತುದಿಯಲ್ಲಿ ಕಾಣಿಸಿಕೊಂಡಿತು. ಮಲಗಿದರೆ ಹೆಚ್ಚು, ಎದ್ದು ಕೂತರೆ ಕಡಿಮೆ.

ಭುಜಕ್ಕೆ ಏಟೇ ಬಿದ್ದಿರಲಿಲ್ಲ.

ಹಿಂದಿನ ಸಂಜೆ ದಾಬಸ್‌ಪೇಟೆಯ ಕಾರ್ಖಾನೆಯಿಂದ ದೊಡ್ಡಬಳ್ಳಾಪುರಕ್ಕೆ ಮರಳುವಾಗ ಲಾರಿಯೊಂದು ಒತ್ತರಿಸಿ ಬಂದು, ನನ್ನ ಸ್ಕೂಟರ್ ರಸ್ತೆಯಂಚಿಗೆ ಉರುಳಿತ್ತು. ಹ್ಯಾಂಡಲ್‌ನ ತುದಿ ಎಡ ಪಕ್ಕೆಗೆ ಗುದ್ದಿತ್ತು. ನಾನೇ ಎದ್ದು ನರ್ಸಿಂಗ್ ಹೋಮಿಗೆ ನಡೆದು ಹೋದೆ. ನಡೆದು ಬಂದವರನ್ನು ಅಲ್ಲಿ ಯಾರೂ ರೋಗಿಯೆಂದು ನೋಡುವುದಿಲ್ಲ. ಡ್ಯೂಟಿ ಡಾಕ್ಟರ್ ಮೊಣಕೈಗೆ ಪಟ್ಟಿ ಹಾಕಿಸಿ, ಬಿಪಿ ನೋಡಿ, ಮೊಬೈಲಿನಿಂದ ಕಣ್ಣೆತ್ತದೆ ಹೇಳಿದರು: "ಸ್ಟೇಬಲ್ ಇದ್ದೀರ. ಮನೆಗೆ ಹೋಗಿ."

"ಪಕ್ಕೆ ನೋಯ್ತಿದೆ ಸರ್."

"ಬಿದ್ರೆ ನೋಯ್ದೆ ಇನ್ನೇನಮ್ಮ?"

ಹೊಟ್ಟೆಯ ಮೇಲೆ ಕೈಯಿಡಲಿಲ್ಲ. ಸ್ಕ್ಯಾನ್‌ನ ಮಾತೂ ಎತ್ತಲಿಲ್ಲ.

ಬೆಳಿಗ್ಗೆ ಸೋದರತ್ತೆ ಬಂದರು. ನಮ್ಮ ಬೀದಿಯಲ್ಲಿ ಪವರ್‌ಲೂಮಿಗಿಂತ ಜೋರಾಗಿರುವುದು ಅವರ ದನಿಯೊಂದೇ. "ಉಳುಕು ಕಣೇ ಅದು. ತಾಳು, ಸೀನನ್ನ ಕರೀತೀನಿ." ಸೀನಣ್ಣ ಪಕ್ಕದ ಮನೆಯ ನೇಕಾರ, ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಬೆನ್ನು ತುಳಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆಯ ನಂಬಿಕೆ.

"ಬೇಡ ಅತ್ತೆ. ಒಳಗೇನೋ ಆಗಿದೆ."

"ಎಮ್ಮೆಸ್ಸಿ ಮಾಡಿರೋಳಿಗೆ ಒಳಗಿಂದೆಲ್ಲ ಕಾಣುತ್ತೆ ನೋಡಪ್ಪಾ! ಸುಮ್ನೆ ಮಲ್ಕೊಳ್ಳೇ."

ಅಮ್ಮನ ಮುಖ ನೋಡಿದೆ. "ಒಂದ್ಸಲ ತುಳಿಸ್ಕೊಂಡ್ಬಿಡು, ಏನೀಗ," ಎಂದಳು. ಬೋರಲು ಮಲಗಿಸಿದರು. ಸೀನಣ್ಣ "ತಪ್ಪು ತಿಳ್ಕೋಬೇಡವ್ವ" ಎಂದು ಗೊಣಗಿ, ಬೆನ್ನಿನ ಮೇಲೆ ಹಿಮ್ಮಡಿ ಊರಿದ.

ಎದ್ದು ನಿಂತೆ. ಗೋಡೆ ವಾಲಿತು.

ಎಚ್ಚರವಾದಾಗ ಸರ್ಕಾರಿ ಆಸ್ಪತ್ರೆಯಲ್ಲಿದ್ದೆ. ಭುಜದ ನೋವು ಹೇಳಿಕೊಂಡೆ. ಅಲ್ಲಿನ ಡಾಕ್ಟರ್, ಒಬ್ಬ ಹೆಂಗಸು, ಭುಜಕ್ಕೆ ಪೆಟ್ಟು ಬಿತ್ತೇ ಎಂದು ಕೇಳಿದರು. ಇಲ್ಲವೆಂದೆ. ಅವರ ಕೈ ತಕ್ಷಣ ನನ್ನ ಹೊಟ್ಟೆಯ ಎಡಭಾಗಕ್ಕೆ ಹೋಯಿತು. ಆಮೇಲೆ ಅಲ್ಟ್ರಾಸೌಂಡ್.

"ಒಳಗೆ ಬ್ಲೀಡಿಂಗ್ ಆಗ್ತಿದೆ. ಸ್ಪ್ಲೀನ್, ಅಂದ್ರೆ ಗುಲ್ಮ, ಒಡೆದಿರ್ಬೇಕು."

ಆಂಬುಲೆನ್ಸ್ ಬರುವವರೆಗೆ ಅವರು ಅಮ್ಮನಿಗೆ ವಿವರಿಸಿದರು: ಒಳಗೆ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪೊರೆಗೆ ತಾಗಿದರೆ ನೋವು ಭುಜದಲ್ಲಿ ಕಾಣುತ್ತದೆ, ವಯಸ್ಸು ಚಿಕ್ಕದಾದರೆ ದೇಹವು ಬಿಪಿಯನ್ನು ಬಹಳ ಹೊತ್ತು ಬೀಳದಂತೆ ಹಿಡಿದಿಟ್ಟು, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಕೇಳಿದಳು. ನನಗೆ ಕನಿಕರ ಬರಲಿಲ್ಲ.

ಬೆಂಗಳೂರಿನಲ್ಲಿ ಸ್ಪ್ಲೀನ್ ತೆಗೆದರು.

ವಾರ್ಡಿಗೆ ಬಂದ ಅತ್ತೆ ಪಕ್ಕದ ಮಂಚದವರಿಗೆ ಹೇಳುತ್ತಿದ್ದರು: "ನಮ್ ಸೀನ ಕಾಲಿಟ್ಟಿದ್ದಕ್ಕೇ ಕಣ್ರೀ ಒಳಗಿನ ಏಟು ಗೊತ್ತಾಗಿದ್ದು!" ಹೊಲಿಗೆ ಎಳೆಯುತ್ತಿತ್ತು, ಕೂಗಲಾಗಲಿಲ್ಲ. ಅವರನ್ನು ನಾನು ಕ್ಷಮಿಸಿಲ್ಲ. ಆ ಡ್ಯೂಟಿ ಡಾಕ್ಟರನ್ನೂ ಕ್ಷಮಿಸಿಲ್ಲ. ಅವರಿಗೆ ನನ್ನ ಮುಖವೂ ನೆನಪಿರಲಾರದು. ನನ್ನ ದೇಹದ ಬಗ್ಗೆ ನನ್ನ ಮಾತೊಂದನ್ನು ಬಿಟ್ಟು ಉಳಿದವರೆಲ್ಲರ ಮಾತೂ ಅಲ್ಲಿ ನಡೆದಿತ್ತು.

ಸ್ಪ್ಲೀನ್ ಇಲ್ಲದವರಿಗೆ ಯಾವ ಜ್ವರವೂ ಚಿಕ್ಕದಲ್ಲ, ಕೂಡಲೇ ಆಸ್ಪತ್ರೆಗೆ ಬರಬೇಕು ಎಂದು ಸರ್ಜನ್ ಎಚ್ಚರಿಸಿ ಕಳಿಸಿದ್ದರು. ಕಳೆದ ವಾರ ಮೈ ಬಿಸಿಯಾಯಿತು. ಅತ್ತೆ ಅಲ್ಲೇ ಇದ್ದರು. "ಬರೀ ಜ್ವರಕ್ಕೆಲ್ಲ ಆಸ್ಪತ್ರೆನಾ? ಕಷಾಯ ಕುಡಿ."

"ನಾನು ಹೋಗ್ಲೇಬೇಕು," ಎಂದೆ, ಜಗಳಕ್ಕೆ ಸಿದ್ಧಳಾಗಿ.

ಅಮ್ಮ ಆಗಲೇ ಬರಿಗಾಲಲ್ಲಿ ರಸ್ತೆಗೆ ಓಡಿ, ಆಟೋಗೆ ಕೈ ಅಡ್ಡ ಹಿಡಿದಿದ್ದಳು.