ಕುಂಕುಮವಿಲ್ಲದ ತಟ್ಟೆ

ಸಂಕ್ರಾಂತಿಗೆ ಮುಂಚಿನ ವಾರ ಬಟವಾಡಿ ಬಡಾವಣೆಯ ನನ್ನ ಅಂಗಡಿಯಲ್ಲಿ ಎಳ್ಳು-ಬೆಲ್ಲದ ಪ್ಯಾಕೆಟ್ಟು ತುಂಬಿಸಿದಷ್ಟೂ ಖಾಲಿ. ಕೊಳ್ಳಲು ಬಂದ ಹೆಂಗಸರಿಗೆ ಅವರು ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ನಿಮ್ಮ ಬೀದಿಯಲ್ಲಿ ಈ ವರ್ಷ ಸಾವಾದ ಮನೆ ಇದ್ದರೆ ಅಲ್ಲಿಗೂ ಹೋಗಿ. ಎಳ್ಳು ಬೇಡ ಎನಿಸಿದರೆ ಬಾಳೆಹಣ್ಣಾದರೂ ಒಯ್ಯಿರಿ. ಕೊಟ್ಟು ಸುಮ್ಮನೆ ಬರಬೇಡಿ, ಅವರ ಕೈಯಿಂದಲೂ ಏನಾದರೂ ಕೇಳಿ ಇಸಿದುಕೊಳ್ಳಿ. ಇನ್ನೊಂದು ಪ್ಯಾಕೆಟ್ಟು ಮಾರಲು ಹೀಗನ್ನುತ್ತಾಳೆ ಎಂದು ಕೆಲವರು ನಗುತ್ತಾರೆ. ಮಾರುವುದು ನನ್ನ ಕಸುಬೇ, ಇಲ್ಲವೆನ್ನುವುದಿಲ್ಲ. ಆದರೆ ಈ ಮಾತು ಕಸುಬಿನಿಂದ ಬಂದದ್ದಲ್ಲ.

ನಾನು ಚಿಕ್ಕವಳಿದ್ದಾಗ ನಾವು ಗುಬ್ಬಿಯಲ್ಲಿದ್ದೆವು. ಮನೆಯ ಮುಂದಿನ ಕೋಣೆಯೇ ಅಪ್ಪನ ದಿನಸಿ ಅಂಗಡಿ. ಮಾರುವುದು ಅಪ್ಪ, ಕೊಳ್ಳುವುದು ಅಮ್ಮ. ಹಳ್ಳಿಯವರು ಹುಣಸೆಹಣ್ಣು, ಹುರುಳಿ ಹೊತ್ತು ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅಮ್ಮ ಒಂದು ಹಿಡಿ ಅಂಗೈಯಲ್ಲಿ ತಿರುವಿ ನೋಡಿ ಕಲ್ಲು, ಮಣ್ಣು, ಹುಳ ಎಲ್ಲವನ್ನೂ ಹೆಸರಿಟ್ಟು ಕರೆದು, ಅವರನ್ನು ನಗಿಸಿ, ತನ್ನ ದರಕ್ಕೇ ಇಳಿಸುತ್ತಿದ್ದಳು. ಚೌಕಾಸಿಯಲ್ಲಿ ಎದುರಿನವರನ್ನು ನಗಿಸಬೇಕು, ಅಳಿಸಬಾರದು. ಇದನ್ನು ಅಮ್ಮ ನನಗೆ ಹೇಳಿಕೊಟ್ಟದ್ದಲ್ಲ, ನಾನೇ ನೋಡಿ ಕಲಿತದ್ದು.

ಒಂದು ವರ್ಷ ಕಾರ್ತಿಕದಲ್ಲಿ ಅಪ್ಪ ಹೋದರು. ಜ್ವರವೆಂದು ಮಲಗಿದವರು ಏಳಲಿಲ್ಲ. ಅಂದಿನಿಂದ ಅಮ್ಮನ ಮಾತು ನಿಂತಿತು. ಅಡುಗೆ ಮಾಡುತ್ತಿದ್ದಳು, ನನ್ನ ತಲೆ ಬಾಚುತ್ತಿದ್ದಳು, ಕೇಳಿದ್ದಕ್ಕೆ ಹೂಂ, ಉಹೂಂ. ಕರ್ಮಕ್ಕೆ ಬಂದ ಕುಣಿಗಲ್ಲಿನ ಸೋದರಮಾವ ತಾವೇ ಎಲ್ಲ ತೀರ್ಮಾನಿಸಿದರು. ಸಂಕ್ರಾಂತಿ ಕಳೆದ ಮೇಲೆ ಟೆಂಪೋ ತರುತ್ತೇನೆ, ಅಂಗಡಿ ಸಾಮಾನು ಯಾರಿಗಾದರೂ ಒಟ್ಟಿಗೆ ಕೊಟ್ಟುಬಿಡೋಣ, ನೀವೆಲ್ಲ ನಮ್ಮ ಮನೆಯಲ್ಲಿರಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಜ್ಜಿ, ಅಂದರೆ ಅಪ್ಪನ ತಾಯಿ, ಹೋಗಲು ಒಪ್ಪಳು, ಬೇಡ ಎನ್ನಲೂ ಅವಳಿಗೆ ಧೈರ್ಯವಿಲ್ಲ. ಅಮ್ಮನೇ ಹೇಳಬೇಕಿತ್ತು. ಅಮ್ಮ ಹೇಳಲಿಲ್ಲ.

ಹಬ್ಬ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಎಳ್ಳು ಬೀರುವುದೂ ಇಲ್ಲ. ಹಳೆಯ ಲಂಗ ತೊಟ್ಟು ಜಗಲಿಯ ಮೇಲೆ ಕೂತಿದ್ದೆ. ನನ್ನ ಓರಗೆಯ ಹುಡುಗಿಯರು ಕ್ರೋಷಾ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು, ಸಕ್ಕರೆ ಅಚ್ಚು, ಕಬ್ಬಿನ ತುಂಡು ಜಾರದ ಹಾಗೆ ನಡೆಯುತ್ತಾ, ನಮ್ಮ ಮನೆಯ ಹತ್ತಿರ ಬಂದಾಗ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಅವರ ತಪ್ಪೇನಲ್ಲ, ಮನೆಯಲ್ಲಿ ಹೇಳಿ ಕಳಿಸಿದ್ದರು. ನಮ್ಮ ಕಡೆ ಎಳ್ಳು ಕೊಡುವ ಮುಂಚೆ ಮನೆಯೊಡತಿಗೆ ಅರಿಸಿನ-ಕುಂಕುಮ ನೀಡುವ ರೂಢಿ. ನಮ್ಮ ಬಾಗಿಲಲ್ಲಿ ಆ ಬಟ್ಟಲನ್ನು ಯಾರ ಮುಂದೆ ಹಿಡಿಯುವುದು? ಚಾಚಿದರೂ ಕಷ್ಟ, ಹಿಂದಕ್ಕೆ ಎಳೆದುಕೊಂಡರೆ ಇನ್ನೂ ಕಷ್ಟ.

ಬಿಸಿಲು ಇಳಿಯುವ ಹೊತ್ತಿಗೆ ಪಕ್ಕದ ಮನೆಯ ಖಾಲಾ ಬಂದರು. ಗಂಡ ಹಾಸಿಗೆ ಹೊಲಿಯುವವರು. ಬೀದಿಯ ಮಕ್ಕಳಿಗೆಲ್ಲ ಅವರು ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ. ಪ್ರತಿವರ್ಷ ನಮ್ಮ ಮನೆಯ ಮೊದಲ ತಟ್ಟೆ ಅವರಿಗೇ ಹೋಗುತ್ತಿತ್ತು. ಈ ಸಲ ಅವರ ಕೈಯಲ್ಲೇ ತಟ್ಟೆ. ಅದರಲ್ಲಿ ಎಳ್ಳಿತ್ತು, ಕೊಬ್ಬರಿಯಿತ್ತು, ತಮ್ಮ ಹಬ್ಬದ ಪಾಯಸಕ್ಕೆ ಅವರು ಹಾಕುವ ಹಾಗೆ ತುಪ್ಪದಲ್ಲಿ ಹುರಿದ ಖರ್ಜೂರವೂ ಇತ್ತು. ಕುಂಕುಮದ ಬಟ್ಟಲಿರಲಿಲ್ಲ, ಅವರಲ್ಲಿ ಆ ಪದ್ಧತಿಯೇ ಇಲ್ಲವಲ್ಲ.

ಅಜ್ಜಿ ಗಾಬರಿಯಾಗಿ ಎದ್ದು, "ಸಾವಾದ ಮನೇಲಿ ಹಬ್ಬುದ್ ಎಳ್ಳು ಇಸ್ಕೋಬಾರ್ದು ಕಣಮ್ಮ" ಎಂದಳು.

"ನೀವ್ ಮಾಡಿದ್ರೆ ಹಬ್ಬ ಅಜ್ಜಿ. ನಾನ್ ಮಾಡಿದ್ರೆ ಬರೀ ತಿಂಡಿ" ಎಂದರು ಖಾಲಾ.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಿದ್ದಳು. ಯಾರ ಮುಖವನ್ನೂ ನೋಡಲಿಲ್ಲ, ತಟ್ಟೆಯನ್ನೇ ನೋಡಿದಳು. ಕೈ ಚಾಚಿ ತೆಗೆದುಕೊಂಡಳು. ತಟ್ಟೆ ಬರಿದಾಗಿ ಹಿಂತಿರುಗಬಾರದು. ಒಳಗೆ ಹೋಗಿ ಎಳ್ಳನ್ನು ಮೊರಕ್ಕೆ ಸುರಿದು, ಬುಟ್ಟಿಯಲ್ಲಿದ್ದ ಅವರೆಕಾಯಿ ತುಂಬಿ ತಂದುಕೊಟ್ಟಳು.

ಖಾಲಾ ಕಾಯಿಗಳನ್ನು ಬೆರಳಿನಿಂದ ಕೆದಕಿದರು. "ಇಷ್ಟೇನಾ ಅಕ್ಕ? ನನ್ ಖರ್ಜೂರಕ್ಕೆ ಇಷ್ಟೇನಾ ಬೆಲೆ? ಅರ್ಧ ಬರೀ ಸಿಪ್ಪೆ."

ಖಾಲಾ ಹೋಗಲಿಲ್ಲ, ತಟ್ಟೆ ಚಾಚಿಕೊಂಡೇ ನಿಂತರು. ಅಜ್ಜಿ ನನ್ನ ಭುಜ ಹಿಡಿದುಕೊಂಡಳು.

ಅಮ್ಮ ಒಳಗಿನಿಂದ ಮೊರ ತಂದು, ಎಳ್ಳನ್ನು ಚಿಟಿಕೆಯಷ್ಟು ತೆಗೆದು, ಅಂಗೈ ಮೇಲೆ ಹರಡಿ, ಬಾಯಿಗೆ ಹಾಕಿಕೊಂಡಳು. "ಸೀದೋಗೈತೆ" ಎಂದಳು. ಕೆಮ್ಮಿ ಮತ್ತೆ ಹೇಳಿದಳು. "ಎಳ್ ಚಿಟಪಟ ಅಂತಿದ್ದಂಗೇ ಇಳಿಸ್ಬೇಕು. ಇದುಕ್ಕೆ ಅಷ್ಟ್ ಅವರೆಕಾಯೇ ಜಾಸ್ತಿ ಆಯ್ತು."

"ಹಂಗಾದ್ರೆ ಬಂದು ಹುರ್ಯೋದ್ ತೋರ್ಸಿಕೊಡು" ಎಂದರು ಖಾಲಾ. ಅಮ್ಮ ಒಳಗಿನಿಂದ ಇನ್ನೊಂದು ಹಿಡಿ ಕಾಯಿ ತಂದು ಹಾಕಿದಳು. ಬಾಗಿಲು ಹಾಕಿಕೊಂಡ ಮೇಲೆ ಅಡುಗೆಮನೆಯಲ್ಲಿ ಕೂತು ಅಮ್ಮ ಅತ್ತಳು. ಅಪ್ಪ ಹೋದ ಮೇಲೆ ಅವಳು ದನಿ ತೆಗೆದು ಅತ್ತದ್ದು ನಾನು ಕೇಳಿದ್ದು ಅಂದೇ.

ಖಾಲಾ ಎಳ್ಳನ್ನು ಬೇಕೆಂದೇ ಸೀಯಿಸಿದರೋ, ನಿಜಕ್ಕೂ ಹುರಿಯಲು ಬಾರದೆಯೋ, ನಾನು ಕೇಳಲಿಲ್ಲ. ಒಂದಂತೂ ಬಲ್ಲೆ. ದುಃಖದಲ್ಲಿರುವವರಿಗೆ ಬರೀ ಕೊಡುತ್ತಾ ಹೋದರೆ ಅವರು ತಗ್ಗಿಕೊಂಡೇ ಕೂರುತ್ತಾರೆ. ಅವರಿಂದಲೂ ಕೇಳಬೇಕು, ಸಾಲದು ಎನ್ನಲೂಬೇಕು.

ವಾರ ಕಳೆದು ಮಾವ ಟೆಂಪೋ ತಂದರು. ಅಮ್ಮ ಊಟ ಬಡಿಸಿ, ಅಂಗಡಿ ತಾನೇ ತೆಗೆಯುವುದಾಗಿ ಹೇಳಿದಳು. ಮಾವ ಬಹಳ ಹೊತ್ತು ಬುದ್ಧಿ ಹೇಳಿದರು. ಗಂಡ ಸತ್ತು ಆರು ತಿಂಗಳೂ ಆಗಿಲ್ಲ, ಜನ ಬಂದು ಬಂದು ಆಡಿಕೊಳ್ಳುತ್ತಾರೆ ಎಂದರು.

"ಬರ್ಲಿ ಬುಡಣ್ಣ. ಅಂಗ್ಡಿಗ್ ಬಂದೋರು ಏನಾದ್ರೂ ತಗಂಡೇ ಹೋಗ್ತಾರೆ."

ಮಾವ ಖಾಲಿ ಟೆಂಪೋದಲ್ಲಿ ಕುಣಿಗಲ್ಲಿಗೆ ಹೊರಟರು. ಮರುದಿನ ಅಮ್ಮ ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸಿದಳು. ಸಂಜೆ ಮತ್ತೆ ಜೋಡಿಸಲು ಹೋದರೆ ಯಾವುದರ ಪಕ್ಕ ಯಾವುದೆಂದು ಅಪ್ಪನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಜ್ಜಿ ದೀಪ ಹಿಡಿದಳು, ನಾನು ಎತ್ತಿಕೊಟ್ಟೆ, ಅಮ್ಮ ಕೂರಿಸಿದಳು, ತೆಗೆದಳು, ಮತ್ತೆ ಕೂರಿಸಿದಳು. ಕೊನೆಗೆ ಒಂದು ಹಲಗೆ ಎಲ್ಲಿಯೂ ಹಿಡಿಸಲೇ ಇಲ್ಲ. ಆ ಸಂದಿಗೆ ಅಕ್ಕಿಮೂಟೆ ಒತ್ತಿಟ್ಟು ಮಲಗಿದೆವು.